ನೆಲೆ ತಪ್ಪಿದ ಭೂತ: ಹಡಗಿನಿಂದ ವ್ಯೋಮನೌಕೆಯವರೆಗೆ

೧. ಪ್ರವೇಶ

ಮನುಷ್ಯನು ತಾನು ಕಟ್ಟಿದ ವಾಹನದಲ್ಲಿ ತಾನೊಬ್ಬನೇ ಪ್ರಯಾಣ ಮಾಡುತ್ತಿದ್ದೇನೆಂದು ಯಾವ ಕಾಲದಲ್ಲಿಯೂ ಪೂರ್ತಿಯಾಗಿ ನಂಬಿದಂತೆ ತೋರುವುದಿಲ್ಲ. ಹಾಯಿಹಡಗಿನ ಹಲಗೆಗಳ ಹಿಂದೆ, ಯುದ್ಧವಿಮಾನದ ರೆಕ್ಕೆಯ ಮೇಲೆ, ಕೊನೆಗೆ ಭೂಮಿಯನ್ನು ಬಿಟ್ಟುಹೋದ ವ್ಯೋಮನೌಕೆಯ ದಾರಿಯಲ್ಲಿ ಕಣ್ಣಿಗೆ ಬೀಳದ ಇನ್ನೊಬ್ಬನಿದ್ದಾನೆ ಎಂಬ ಮಾತು ಹುಟ್ಟಿಕೊಂಡಿದೆ. ಈ ಮಾತನ್ನು ಆಡಿದವರು ಅಕ್ಷರ ಬಾರದ ಜನರಲ್ಲ. ನಾವಿಕರು, ವಿಮಾನಚಾಲಕರು ಮತ್ತು ಎಂಜಿನಿಯರುಗಳು. ಜಾನಪದವು ಯಂತ್ರ ಬಂದೊಡನೆ ಮಾಯವಾಗುತ್ತದೆ ಎಂಬ ಹಳೆಯ ತಿಳುವಳಿಕೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಆದರೆ ಪ್ರಸ್ತುತ ಲೇಖನದ ಉದ್ದೇಶ ಈ ಉತ್ತರವನ್ನು ಮತ್ತೊಮ್ಮೆ ಹೇಳುವುದಲ್ಲ. ಯಂತ್ರವಾಹನಗಳಲ್ಲಿ ಅಡಗಿರುವುದೆಂದು ಹೇಳಲಾಗುವ ಈ ಅಮಾನುಷ ಜೀವಿಗಳನ್ನು ಕನ್ನಡದಲ್ಲಿ ವಿವರಿಸ ಹೊರಟಾಗ ನಮ್ಮ ಕೈಗೆ ಮೊದಲು ಸಿಗುವ ಪದ ‘ಭೂತ’. ತುಳುನಾಡಿನ ಓದುಗನಿಗೆ ಆ ಪದ ಬೇರೆಯೇ ಒಂದು ಲೋಕವನ್ನು ತೆರೆಯುತ್ತದೆ. ಇವೆರಡೂ ಒಂದೇ ಬಗೆಯ ಕಲ್ಪನೆಗಳೇ? ಅಲ್ಲವಾದರೆ ಅವುಗಳನ್ನು ಬೇರ್ಪಡಿಸುವ ಗೆರೆ ಯಾವುದು? ಈ ಪ್ರಶ್ನೆಯನ್ನು ಮಂಗಳೂರು ನಗರದ ಉತ್ತರ ಭಾಗದ ಕಾಟಿಪಳ್ಳದಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ಬಂದರಿಗಾಗಿ ನೆಲ ಬಿಟ್ಟು ಬಂದವರ ಊರು ಅದು. ಯಂತ್ರ ಮತ್ತು ದೈವ ಎದುರುಬದುರಾದ ಅನುಭವ ಅಲ್ಲಿ ಕೇವಲ ಕಥೆಯ ವಸ್ತುವಲ್ಲ.

೨. ಹೆಸರಿನ ತೊಡಕು

ತುಳುನಾಡಿನ ಭೂತಾರಾಧನೆಯನ್ನು ಹೊರಜಗತ್ತಿಗೆ ಪರಿಚಯಿಸಿದ ಮೊದಲ ವಿಸ್ತಾರವಾದ ಬರವಣಿಗೆಗಳಲ್ಲಿ ಎ. ಸಿ. ಬರ್ನೆಲ್ ಅವರ ಸಂಗ್ರಹ ಮುಖ್ಯವಾದುದು. 1882ರಲ್ಲಿ ಬರ್ನೆಲ್ ತೀರಿಕೊಂಡ ಬಳಿಕ, 1894ರಿಂದ ಅದು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕಂತುಗಳಾಗಿ ಪ್ರಕಟವಾಯಿತು. ಅದರ ಶೀರ್ಷಿಕೆ ‘ದಿ ಡೆವಿಲ್ ವರ್ಷಿಪ್ ಆಫ್ ದಿ ತುಳುವಾಸ್’. ಇದಕ್ಕೂ ಮೊದಲು ಬಾಸೆಲ್ ಮಿಶನ್ನಿನ ಮ್ಯಾನರ್ ಅವರು 1886ರಲ್ಲಿ ಮಂಗಳೂರಿನಲ್ಲಿ ‘ಪಾಡ್ದನೊಳು’ ಎಂಬ ಸಂಕಲನವನ್ನು ಅಚ್ಚು ಹಾಕಿಸಿದ್ದರು. ಈ ಇಬ್ಬರ ಶ್ರಮಕ್ಕೆ ತುಳು ಅಧ್ಯಯನವು ಋಣಿಯಾಗಿದೆ. ಆದರೆ ‘ಡೆವಿಲ್’ ಎಂಬ ಒಂದು ಪದ ಮಾಡಿದ ಹಾನಿಯೂ ಸಣ್ಣದಲ್ಲ. ಕ್ರೈಸ್ತ ಕಲ್ಪನೆಯ ಸೈತಾನನಿಗೆ ಇರುವ ಅರ್ಥಗಳೆಲ್ಲ, ಊರಿನ ನ್ಯಾಯ ತೀರ್ಮಾನಿಸುವ, ಮನೆತನದ ಹಕ್ಕುಬಾಧ್ಯತೆಗಳನ್ನು ಎತ್ತಿ ಹೇಳುವ ದೈವಗಳಿಗೆ ಅಂಟಿಕೊಂಡವು.

ಅನಂತರದ ವಿದ್ವಾಂಸರು ಈ ತಪ್ಪನ್ನು ತಿದ್ದಲು ಬಹಳ ದುಡಿದಿದ್ದಾರೆ. ಬಿ. ಎ. ವಿವೇಕ ರೈ ಅವರ ‘ತುಳು ಜನಪದ ಸಾಹಿತ್ಯ’ (1985), ಕೆ. ಚಿನ್ನಪ್ಪ ಗೌಡ ಅವರ ‘ಭೂತಾರಾಧನೆ’ (1990) ಮೊದಲಾದ ಕೃತಿಗಳ ಬಳಿಕ ಭೂತವನ್ನು ಪಿಶಾಚಿಯೆಂದು ಬರೆಯುವ ವಿದ್ವಾಂಸರು ವಿರಳ. ಆರಾಧಕರಂತೂ ‘ದೈವ’ ಎಂಬ ಪದವನ್ನೇ ಹೆಚ್ಚಾಗಿ ಬಳಸುತ್ತಾರೆ. ಆದರೂ ತೊಡಕು ಇನ್ನೊಂದು ದಾರಿಯಿಂದ ಒಳಗೆ ಬರುತ್ತದೆ. ಅಂದು ದೈವವನ್ನು ‘ಡೆವಿಲ್’ ಎಂದು ಅತ್ತ ಒಯ್ದರು. ಇಂದು ಪಶ್ಚಿಮದ ಯಂತ್ರಪಿಶಾಚಿಯನ್ನು ‘ಭೂತ’ ಎಂದು ನಾವೇ ಇತ್ತ ತರುತ್ತೇವೆ. ಎರಡು ಅನುವಾದಗಳಲ್ಲಿಯೂ ಆಗುವ ನಷ್ಟ ಒಂದೇ. ಆ ನಷ್ಟ ಏನೆಂಬುದು ತಿಳಿಯಬೇಕಾದರೆ ಹಡಗಿನಿಂದಲೇ ಆರಂಭಿಸಬೇಕು.

೩. ಹಡಗಿನ ಇಬ್ಬರು

ಉತ್ತರ ಸಮುದ್ರ ಮತ್ತು ಬಾಲ್ಟಿಕ್ ಸಮುದ್ರಗಳ ಜರ್ಮನ್ ನಾವಿಕರ ಜನಪದದಲ್ಲಿ ಕ್ಲಾಬೌಟರ್‌ಮನ್ ಎಂಬ ಕುಳ್ಳ ಜೀವಿಯಿದೆ. ಅದು ಹಡಗಿನೊಳಗೆ ವಾಸಿಸುತ್ತದೆ. ಹಲಗೆಗಳ ಸಂದುಗಳಿಗೆ ನಾರು ತುಂಬಿ ಬಿಗಿಮಾಡುವ ಬಡಗಿಯ ಸುತ್ತಿಗೆ ಅದರ ಕೈಯಲ್ಲಿ. ರಾತ್ರಿಯಲ್ಲಿ ಅದು ಕುಟ್ಟುವ ಸದ್ದು ಕೇಳಿದರೆ ನಾವಿಕರಿಗೆ ಸಮಾಧಾನ. ಯಾರೋ ಹಡಗನ್ನು ನೋಡಿಕೊಳ್ಳುತ್ತಿದ್ದಾರೆಂದು ಅರ್ಥ. ಆದರೆ ಅದು ಕಣ್ಣಿಗೆ ಕಾಣಿಸಿಕೊಂಡರೆ ಅಥವಾ ಹಡಗನ್ನು ಬಿಟ್ಟುಹೋದರೆ ಆ ಹಡಗಿಗೆ ಉಳಿಗಾಲವಿಲ್ಲ. 19ನೆಯ ಶತಮಾನದ ಜರ್ಮನ್ ಸಾಹಿತ್ಯದಲ್ಲಿ ಹೈನೆಯಂಥ ಕವಿಗಳೂ ಇದರ ಪ್ರಸ್ತಾಪ ಮಾಡಿದ್ದಾರೆ.

ನಮ್ಮ ಕಡಲತೀರದಲ್ಲಿ ಹಡಗಿನೊಡನೆ ಸೇರಿಕೊಂಡಿರುವ ದೈವ ಬೊಬ್ಬರ್ಯ. ಪಾಡ್ದನದ ಪಾಠಗಳಲ್ಲಿ ವಿವರಗಳು ಬದಲಾಗುತ್ತವೆಯಾದರೂ ಕಥೆಯ ಬೆನ್ನೆಲುಬು ಸ್ಥಿರವಾಗಿದೆ. ಬ್ಯಾರಿ ವ್ಯಾಪಾರಿಯೊಬ್ಬನಿಗೂ ಜೈನ ಮನೆತನದ ಹೆಣ್ಣಿಗೂ ಹುಟ್ಟಿದ ಮಗ ಬೊಬ್ಬರ್ಯ. ಕಡಲ ವ್ಯಾಪಾರಕ್ಕಿಳಿದ ಅವನು ಕಡಲಿನ ಕಾಳಗದಲ್ಲಿ ಅಳಿದು ‘ಮಾಯ’ಕ್ಕೆ ಸಂದು ದೈವವಾಗುತ್ತಾನೆ. ಕರಾವಳಿಯ ಮೊಗವೀರರು ಅವನನ್ನು ತಮ್ಮ ಮುಖ್ಯ ದೈವವಾಗಿ ನಂಬಿದರು. ತೀರದುದ್ದಕ್ಕೂ ಅವನ ಸಾನಗಳೂ ಕಟ್ಟೆಗಳೂ ಇವೆ. ಕಾಸರಗೋಡು ಮತ್ತು ಉತ್ತರ ಮಲಬಾರಿನ ತೆಯ್ಯಂ ಪರಂಪರೆಯಲ್ಲಿಯೂ ಹಡಗಿನ ನಾಯಕನೊಬ್ಬನು ದೈವವಾಗಿ ಬಪ್ಪಿರಿಯನ್ ಎಂಬ ಹೆಸರಿನಲ್ಲಿ ಆರಾಧನೆ ಪಡೆಯುತ್ತಾನೆ.

ಇಬ್ಬರೂ ಹಡಗಿನವರು ಎಂಬ ಕಾರಣಕ್ಕೆ ಇವರನ್ನು ಒಂದೇ ವರ್ಗಕ್ಕೆ ಸೇರಿಸುವುದು ಸುಲಭ. ಸೂಕ್ಷ್ಮವಾಗಿ ನೋಡಿದರೆ ಮೂರು ವ್ಯತ್ಯಾಸಗಳು ಎದ್ದುಕಾಣುತ್ತವೆ. ಮೊದಲನೆಯದು ನೆಲೆ. ಕ್ಲಾಬೌಟರ್‌ಮನ್ನಿಗೆ ಹಡಗೇ ಮನೆ. ಹಡಗು ಮುಳುಗಿದರೆ ಅದರ ಕಥೆಯೂ ಮುಗಿಯುತ್ತದೆ. ಬೊಬ್ಬರ್ಯನ ಕಥೆ ಹಡಗು ಮುಳುಗಿದ ಮೇಲೆ ಆರಂಭವಾಗುತ್ತದೆ. ಅವನು ದಡಕ್ಕೆ ಬಂದು ನೆಲೆ ಕೇಳುತ್ತಾನೆ. ಎರಡನೆಯದು ನುಡಿ. ಕ್ಲಾಬೌಟರ್‌ಮನ್ನಿನದು ಸದ್ದು ಮಾತ್ರ. ಬೊಬ್ಬರ್ಯನು ನೇಮದಲ್ಲಿ ಪಾತ್ರಿಯ ಮೂಲಕ ಮಾತಾಡುತ್ತಾನೆ, ಜನರು ಅವನೊಡನೆ ವಾದಿಸುವುದಕ್ಕೂ ಅವಕಾಶವಿದೆ. ಮೂರನೆಯದು ಸಲ್ಲಬೇಕಾದ ಬಾಕಿ. ಬೊಬ್ಬರ್ಯನಿಗೆ ನೇಮ, ತಂಬಿಲಗಳು ಸಲ್ಲಬೇಕು. ಅದಕ್ಕೆ ಪ್ರತಿಯಾಗಿ ಕಡಲಿಗೆ ಇಳಿದವರ ರಕ್ಷಣೆ ಅವನ ಹೊಣೆ. ಕೊಡುವವನೂ ಪಡೆಯುವವನೂ ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸಬೇಕಾದ ಸಂಬಂಧ ಇದು. ನೆಲೆ, ನುಡಿ, ಬಾಕಿ ಎಂಬ ಈ ಮೂರನ್ನು ಮುಂದಿನ ಚರ್ಚೆಗೆ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

೪. ಗ್ರೆಮ್ಲಿನ್ ಮತ್ತು ಕಡಿದುಹೋದ ಕಾಡು

ಹಡಗಿನಿಂದ ವಿಮಾನಕ್ಕೆ ಬಂದಾಗ ಗ್ರೆಮ್ಲಿನ್ ಎದುರಾಗುತ್ತದೆ. ಇದು ಬ್ರಿಟನ್ನಿನ ವಾಯುಪಡೆಯವರ ಆಡುಮಾತಿನಲ್ಲಿ ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಹುಟ್ಟಿ ಎರಡನೆಯ ಮಹಾಯುದ್ಧದಲ್ಲಿ ಹರಡಿದ ಕಲ್ಪನೆ. ಕಾರಣ ತಿಳಿಯದೆ ಎಂಜಿನ್ ಕೆಟ್ಟರೆ, ಸೂಚಕ ಮುಳ್ಳು ಸುಳ್ಳು ಹೇಳಿದರೆ ಅದು ಗ್ರೆಮ್ಲಿನ್ ಕೆಲಸ. ಇದರ ಸಾಮಾಜಿಕ ಉಪಯೋಗ ಸ್ಪಷ್ಟವಾಗಿದೆ. ತಪ್ಪನ್ನು ಗ್ರೆಮ್ಲಿನ್ ತಲೆಗೆ ಕಟ್ಟಿದಾಗ ಚಾಲಕನು ನೆಲದ ಮೇಲಿನ ಕೆಲಸಗಾರನನ್ನು ದೂರಬೇಕಾಗುವುದಿಲ್ಲ. ಮರುದಿನ ಅದೇ ಕೆಲಸಗಾರನ ಕೈಯಲ್ಲಿ ಸಿದ್ಧವಾದ ವಿಮಾನವನ್ನು ಅವನು ಏರಬೇಕಷ್ಟೆ.

ಕನ್ನಡಕ್ಕೆ ಇದು ಅಪರಿಚಿತವಾದ ಬಗೆಯೇನೂ ಅಲ್ಲ. ಪುಸ್ತಕದಲ್ಲಿ ಅಕ್ಷರ ತಪ್ಪಿದಾಗ ‘ಮುದ್ರಾರಾಕ್ಷಸನ ಹಾವಳಿ’ ಎಂದು ಹೇಳಿ ಲೇಖಕರೂ ಪ್ರಕಾಶಕರೂ ಒಟ್ಟಾಗಿ ನಕ್ಕುಬಿಡುತ್ತಾರೆ. ವಿಶಾಖದತ್ತನ ನಾಟಕದ ಹೆಸರನ್ನು ಅಚ್ಚುಮನೆಗೆ ಎಳೆದು ತಂದು ಮಾಡಿದ ಈ ಶ್ಲೇಷೆಯೊಳಗೆ ಮೊಳೆ ಜೋಡಿಸಿದವನ ಮಾನವೂ ಕರಡು ತಿದ್ದಿದವನ ಮಾನವೂ ಉಳಿಯುತ್ತವೆ. ಗ್ರೆಮ್ಲಿನ್‌ಗೆ ಕನ್ನಡದಲ್ಲಿ ಸಮಾನವಾದ ಪದ ಬೇಕೆಂದಿದ್ದರೆ ಅದು ಮುದ್ರಾರಾಕ್ಷಸ, ಭೂತ ಅಲ್ಲ.

ಆದರೆ ಗ್ರೆಮ್ಲಿನ್ ಕುರಿತ ಮೊದಲ ಪ್ರಸಿದ್ಧ ಕೃತಿ ನಮ್ಮನ್ನು ಸ್ವಲ್ಪ ತಡೆದು ನಿಲ್ಲಿಸುತ್ತದೆ. ವಾಯುಪಡೆಯ ಚಾಲಕನಾಗಿದ್ದು 1940ರಲ್ಲಿ ಮರುಭೂಮಿಯಲ್ಲಿ ವಿಮಾನ ಅಪಘಾತಕ್ಕೀಡಾಗಿದ್ದ ರೋಆಲ್ಡ್ ಡಾಲ್, 1943ರಲ್ಲಿ ‘ದಿ ಗ್ರೆಮ್ಲಿನ್ಸ್’ ಎಂಬ ಮಕ್ಕಳ ಪುಸ್ತಕ ಪ್ರಕಟಿಸಿದ. ವಾಲ್ಟ್ ಡಿಸ್ನಿ ಸಂಸ್ಥೆಯು ಚಲನಚಿತ್ರಕ್ಕೆಂದು ಆರಂಭಿಸಿದ ಯೋಜನೆಯ ಫಲ ಅದು. ಚಿತ್ರ ಮಾತ್ರ ಪೂರ್ಣಗೊಳ್ಳಲಿಲ್ಲ. ಡಾಲ್‌ನ ಕಥೆಯಲ್ಲಿ ಗ್ರೆಮ್ಲಿನ್‌ಗಳು ಸುಮ್ಮನೆ ಕೇಡು ಮಾಡುವುದಿಲ್ಲ. ಅವು ವಾಸವಾಗಿದ್ದ ಕಾಡನ್ನು ಕಡಿದು ಅಲ್ಲಿ ವಿಮಾನ ಕಾರ್ಖಾನೆ ಕಟ್ಟಲಾಗಿದೆ. ಆ ಸೇಡಿಗಾಗಿ ಅವು ವಿಮಾನಗಳನ್ನು ಕೆಡಿಸುತ್ತವೆ. ಅಂದರೆ ಗ್ರೆಮ್ಲಿನ್‌ಗೆ ಒಂದು ನೆಲೆಯಿತ್ತು, ಅದಕ್ಕೆ ಸಲ್ಲಬೇಕಾದ ಬಾಕಿಯಿತ್ತು, ತನ್ನ ದೂರನ್ನು ಹೇಳಿಕೊಳ್ಳುವ ಬಾಯಿಯೂ ಇತ್ತು.

ಕಥೆಯ ಮುಂದಿನ ಭಾಗ ವಿಮರ್ಶೆಗೆ ಯೋಗ್ಯವಾದುದು. ಚಾಲಕರು ಗ್ರೆಮ್ಲಿನ್‌ಗಳಿಗೆ ಹಳೆಯ ಅಂಚೆಚೀಟಿಗಳನ್ನು ತಿನ್ನಲು ಕೊಟ್ಟು ಅವನ್ನು ಒಲಿಸಿಕೊಳ್ಳುತ್ತಾರೆ, ತರಬೇತಿ ನೀಡುತ್ತಾರೆ. ಕಡೆಗೆ ಅವು ವಿಮಾನಗಳನ್ನು ಕೆಡಿಸುವ ಬದಲು ದುರಸ್ತಿ ಮಾಡುವವಾಗುತ್ತವೆ. ಮಕ್ಕಳ ಕಥೆಯ ದೃಷ್ಟಿಯಿಂದ ಇದು ಸೊಗಸಾದ ಮುಕ್ತಾಯ. ಆದರೆ ನೆಲದ ಲೆಕ್ಕ ಚುಕ್ತಾ ಆಗಿಲ್ಲ. ಕಾಡನ್ನು ಕಳೆದುಕೊಂಡವರನ್ನು ಕಾಡು ನುಂಗಿದ ಕಾರ್ಖಾನೆಯ ಕೆಲಸಕ್ಕೇ ಹಚ್ಚಿದಂತಾಯಿತು. ಯುದ್ಧಕಾಲದ ಕಥೆಗೆ ಬೇರೆ ದಾರಿ ಇರಲಿಲ್ಲವೆಂದು ಒಪ್ಪಿಕೊಳ್ಳಬಹುದು; ಅಂಚೆಚೀಟಿಯನ್ನು ತಂಬಿಲವೆಂದು ಮಾತ್ರ ಒಪ್ಪಲಾಗದು. ಒಂದು ಪುಸಲಾವಣೆ, ಇನ್ನೊಂದು ಋಣಸಂದಾಯ.

ಅನಂತರದ ಗ್ರೆಮ್ಲಿನ್‌ಗಳು ಈ ಅರೆಬರೆ ನೆನಪನ್ನೂ ಕಳೆದುಕೊಂಡವು. ರಿಚರ್ಡ್ ಮ್ಯಾಥೆಸನ್‌ನ ಕಥೆಯನ್ನು ಆಧರಿಸಿ 1963ರಲ್ಲಿ ಅಮೆರಿಕದ ‘ಟ್ವಿಲೈಟ್ ಜೋನ್’ ದೂರದರ್ಶನ ಮಾಲಿಕೆಯಲ್ಲಿ ಪ್ರಸಾರವಾದ ಕಂತಿನಲ್ಲಿ, ಹಾರುವ ವಿಮಾನದ ರೆಕ್ಕೆಯ ಮೇಲೆ ಕುಳಿತು ಎಂಜಿನನ್ನು ಕಿತ್ತುಹಾಕುವ ಜೀವಿಯೊಂದು ಒಬ್ಬ ಪ್ರಯಾಣಿಕನಿಗೆ ಮಾತ್ರ ಕಾಣಿಸುತ್ತದೆ. ಅದು ಎಲ್ಲಿಂದ ಬಂತು, ಏಕೆ ಬಂತು ಎಂದು ಯಾರೂ ಕೇಳುವುದಿಲ್ಲ. ಕೇಳುವ ಪ್ರಶ್ನೆ ಒಂದೇ: ನೋಡಿದವನ ಬುದ್ಧಿ ಸರಿಯಿದೆಯೇ?

೫. ಭೂಮಿಯಾಚೆ

ವ್ಯೋಮಯುಗದಲ್ಲಿ ಈ ಜಾರುವಿಕೆ ತನ್ನ ಕೊನೆಯನ್ನು ಮುಟ್ಟಿತು. ಮಂಗಳ ಗ್ರಹಕ್ಕೆ ಹೋದ ನೌಕೆಗಳು ಒಂದರ ಹಿಂದೊಂದು ವಿಫಲವಾದಾಗ, ಆ ದಾರಿಯಲ್ಲಿ ನೌಕೆಗಳನ್ನು ನುಂಗುವ ‘ಗ್ರೇಟ್ ಗ್ಯಾಲಕ್ಟಿಕ್ ಘೌಲ್’ ಎಂಬ ರಾಕ್ಷಸನಿದ್ದಾನೆ ಎಂಬ ಮಾತು ಅಮೆರಿಕದ ಎಂಜಿನಿಯರುಗಳಲ್ಲಿಯೂ ಪತ್ರಕರ್ತರಲ್ಲಿಯೂ ಬಳಕೆಗೆ ಬಂತು. ‘ಘೌಲ್’ ಎಂಬುದು ಅರಬ್ ಜನಪದದಲ್ಲಿ ಮರುಭೂಮಿಯ ಪ್ರಯಾಣಿಕರನ್ನು ದಾರಿ ತಪ್ಪಿಸಿ ತಿನ್ನುವ ‘ಗೂಲ್’. ಮರುಭೂಮಿಯ ಜೀವಿಗೆ ಗ್ರಹಗಳ ನಡುವಿನ ಬಯಲು ಸಿಕ್ಕಿದ್ದು ಸಹಜವೇ. ಆದರೆ ಈ ರಾಕ್ಷಸನಿಗೆ ನೆಲೆಯಿಲ್ಲ, ನುಡಿಯಿಲ್ಲ, ಯಾರೂ ಅವನಿಗೆ ಏನನ್ನೂ ಕೊಡಬೇಕಾಗಿಲ್ಲ. ಅವನು ಶುದ್ಧ ಹಾಸ್ಯ. 1964ರ ಮ್ಯಾರಿನರ್-3ರ ಹೊರಕವಚ ಕಳಚಿಕೊಳ್ಳಲಿಲ್ಲ. 1999ರ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ವಿಷಯದಲ್ಲಿ ಒಂದು ತಂಡ ಬ್ರಿಟಿಷ್ ಮಾನದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ತಂಡ ಮೆಟ್ರಿಕ್ ಮಾನದ ಅಂಕಿಯೆಂದು ತಿಳಿಯಿತು. ಕಾರಣ ಸಿಕ್ಕ ಮೇಲೂ ರಾಕ್ಷಸನ ಹೆಸರು ಉಳಿದುದು, ತಮ್ಮ ತಪ್ಪನ್ನು ನೋಡಿ ತಾವೇ ನಗುವ ದಾರಿಯೊಂದು ಬೇಕಾಗಿದ್ದುದರಿಂದ.

ನೌಕೆಯ ಒಳಗಿನ ಅನುಭವ ಇದಕ್ಕಿಂತ ಗಂಭೀರವಾದುದು. 2003ರ ಅಕ್ಟೋಬರ್ 15ರಂದು ಶೆಂಝೌ-5ರಲ್ಲಿ ಒಬ್ಬನೇ ಪ್ರಯಾಣ ಮಾಡಿದ ಚೀನದ ಯಾಂಗ್ ಲಿವೈ, ಕಬ್ಬಿಣದ ಬಕೀಟನ್ನು ಮರದ ಸುತ್ತಿಗೆಯಿಂದ ಯಾರೋ ಬಡಿದಂತೆ ಸದ್ದು ಆಗಾಗ ಕೇಳಿಸಿತೆಂದು ಹೇಳಿದ್ದಾನೆ. ಕಿಟಕಿಯಿಂದ ಹೊರಗೆ ನೋಡಿದರೂ ಅವನಿಗೆ ಏನೂ ಕಾಣಲಿಲ್ಲ. ಅನಂತರದ ಯಾತ್ರಿಗಳಿಗೂ ಅಂಥ ಸದ್ದು ಕೇಳಿಸಿತು. ಒತ್ತಡದ ಬದಲಾವಣೆಯಿಂದ ನೌಕೆಯ ಭಿತ್ತಿ ಅತಿಸೂಕ್ಷ್ಮವಾಗಿ ಮಿಡಿದುದೇ ಕಾರಣ ಎಂಬ ವಿವರಣೆ ಬಂದಿದೆ. ಬಾಲ್ಟಿಕ್ ನಾವಿಕನು ಕೇಳಿದ ಸುತ್ತಿಗೆಯ ಸದ್ದಿಗೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಹಲಗೆಯಾಗಲಿ ಲೋಹವಾಗಲಿ, ಮನುಷ್ಯನನ್ನು ಸಾವಿನಿಂದ ಬೇರ್ಪಡಿಸುವ ಗೋಡೆ ತೆಳುವಾಗಿದ್ದಲ್ಲೆಲ್ಲ ಕಿವಿ ಅದೇ ಸದ್ದಿಗಾಗಿ ಕಾಯುತ್ತದೆ.

ಇಂಥ ಜೀವಿಯ ಕಲ್ಪನೆ ಇಲ್ಲದಿದ್ದಲ್ಲಿ ಏನಾಗುತ್ತದೆ ಎಂಬುದಕ್ಕೂ ಒಂದು ನಿದರ್ಶನವಿದೆ. 2018ರ ಆಗಸ್ಟ್ ಕೊನೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ್ದ ಸೊಯುಜ್ ಎಂ.ಎಸ್.-09 ನೌಕೆಯಲ್ಲಿ ಸುಮಾರು 2 ಮಿಲಿಮೀಟರ್ ಅಗಲದ ತೂತಿನಿಂದ ಗಾಳಿ ಸೋರುತ್ತಿರುವುದು ಪತ್ತೆಯಾಯಿತು. ಯಾತ್ರಿಗಳು ಅಂಟುದ್ರವ್ಯ ಹಾಕಿ ಅದನ್ನು ಮುಚ್ಚಿದರು. ಆದರೆ ಅದು ಕೊರೆದ ತೂತಿನಂತೆ ಕಂಡುದರಿಂದ, ಕೊರೆದವರು ಯಾರು ಎಂಬ ಅನುಮಾನ ಎರಡು ದೇಶಗಳ ನಡುವೆ ವರ್ಷಗಟ್ಟಲೆ ಹೊಗೆಯಾಡಿತು. ತಪ್ಪನ್ನು ಹೊರಿಸಲು ಗ್ರೆಮ್ಲಿನ್ ಸಿಗದಿದ್ದಾಗ ಪಕ್ಕದ ಮನುಷ್ಯನೇ ಸಿಗುತ್ತಾನೆ.

ಭಾರತದ ವ್ಯೋಮಸಂಸ್ಥೆಯಲ್ಲಿ ರಾಕ್ಷಸನಿಗೆ ಹೆಸರಿಟ್ಟುದು ಕಾಣುವುದಿಲ್ಲ. ಆದರೆ ಉಡಾವಣೆಗೆ ಮೊದಲು ರಾಕೆಟ್ಟಿನ ಪುಟ್ಟ ಪ್ರತಿಕೃತಿಯನ್ನು ತಿರುಮಲೆಗೆ ಒಯ್ಯುವ ವಾಡಿಕೆಯಿದೆ. ಪಿ.ಎಸ್.ಎಲ್.ವಿ. ಸರಣಿಯಲ್ಲಿ 2009ರ ಸಿ-12ರ ಬಳಿಕ ಬಂದುದು ಸಿ-14. ನಡುವಿನ ಸಂಖ್ಯೆ ಇಲ್ಲ. ಇತ್ತ 2013ರ ನವೆಂಬರ್ 5ರಂದು, ಮಂಗಳವಾರವೇ, ಹೊರಟ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮೊದಲ ಯತ್ನದಲ್ಲಿಯೇ ಮಂಗಳದ ಕಕ್ಷೆ ಸೇರಿತು. ನಂಬಿಕೆ ಮತ್ತು ಲೆಕ್ಕಾಚಾರಗಳು ಒಂದೇ ಸಂಸ್ಥೆಯೊಳಗೆ ಒಂದನ್ನೊಂದು ಕೆಣಕದೆ ಬಾಳುವ ರೀತಿ ಇದು.

೬. ಕಾಟಿಪಳ್ಳದಿಂದ ನೋಡಿದಾಗ

1975ನೆಯ ಇಸವಿ ತುಳುನಾಡಿಗೆ ಎರಡು ಕಾರಣಗಳಿಂದ ಮುಖ್ಯ. ಜನವರಿ 11ರಂದು ಪಣಂಬೂರಿನ ನವಮಂಗಳೂರು ಬಂದರನ್ನು ಪ್ರಧಾನಿ ಇಂದಿರಾ ಗಾಂಧಿಯವರು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಏಪ್ರಿಲ್ 19ರಂದು, ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ ಸೋವಿಯತ್ ನೆಲದಿಂದ ಕಕ್ಷೆಗೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಎಂಜಿನಿಯರುಗಳು ದೋಷವನ್ನು ಹುಡುಕಿ ಮುಂದಿನ ಉಪಗ್ರಹ ಕಟ್ಟಿದರು. ಅಲ್ಲಿ ಯಾರ ಬಾಕಿಯೂ ಇರಲಿಲ್ಲ. ಬಂದರಿನ ಕಥೆ ಹಾಗಲ್ಲ.

ಬಂದರಿನ ಕಾಮಗಾರಿ 1962ರಲ್ಲಿ ಆರಂಭವಾದಾಗ ಪಣಂಬೂರು ಮತ್ತು ಸುತ್ತಣ ಪ್ರದೇಶದ ಕುಟುಂಬಗಳು ನೆಲ ಬಿಡಬೇಕಾಯಿತು. ಅವರಿಗೆ ಪುನರ್ವಸತಿ ದೊರೆತುದು ಕಾಟಿಪಳ್ಳ ಮತ್ತು ಕೃಷ್ಣಾಪುರಗಳಲ್ಲಿ. ಕಾಟಿ ಎಂದರೆ ಕಾಡುಕೋಣ, ಪಳ್ಳ ಎಂದರೆ ಕೆರೆ. ಕಾಡಿನ ನೆನಪನ್ನು ಹೊತ್ತ ಈ ಹೆಸರಿನ ಊರು ಬ್ಲಾಕುಗಳಾಗಿ ವಿಂಗಡಣೆಗೊಂಡಿತು. ಇಂದಿಗೂ ವಿಳಾಸ ಹೇಳುವಾಗ ಬ್ಲಾಕಿನ ಸಂಖ್ಯೆ ಬರುತ್ತದೆ. ಬೆಟ್ಟು, ಬೈಲು, ಗುತ್ತು, ಪಾದೆಗಳಿಂದ ತನ್ನನ್ನು ಗುರುತಿಸಿಕೊಂಡಿದ್ದ ಜನಜೀವನಕ್ಕೆ ಅಂಕಿಯ ಗುರುತು ಬಂದುದು ಸಣ್ಣ ಪಲ್ಲಟವಲ್ಲ. ತುಳುನಾಡಿನ ದೈವಗಳಿಗೂ ಮನೆತನದಷ್ಟೇ ಜಾಗದ ಸಂಬಂಧವಿದೆ. ಕುಟುಂಬದ ದೈವವನ್ನು ಕುಟುಂಬದೊಡನೆ ಕರೆತರಬಹುದು. ಜಾಗದ ಗುಳಿಗನನ್ನು, ಬನದ ನಾಗನನ್ನು ಹೊಸ ಬ್ಲಾಕಿಗೆ ಹೊತ್ತು ತರುವುದು ಅಷ್ಟು ಸರಳವಲ್ಲ.

ಅನಂತರ ಪಣಂಬೂರಿನಲ್ಲಿ ರಸಗೊಬ್ಬರ ಕಾರ್ಖಾನೆ, ಕುತ್ತೆತ್ತೂರು ಕಡೆ 1996ರಲ್ಲಿ ಕೆಲಸ ಆರಂಭಿಸಿದ ತೈಲ ಶುದ್ಧೀಕರಣಾಗಾರ, ಬಳಿಕ ವಿಶೇಷ ಆರ್ಥಿಕ ವಲಯ ಬಂದವು. ಈ ವಲಯದೊಳಗೆ ಉಳಿದ ಭೂತ ಮತ್ತು ನಾಗಗಳ ಆರಾಧನೆಯನ್ನು ಜಪಾನಿನ ಮಾನವಶಾಸ್ತ್ರಜ್ಞೆ ಮಿಹೋ ಇಶಿಯಿ ಅಧ್ಯಯನ ಮಾಡಿ 2017ರ ತಮ್ಮ ಲೇಖನವೊಂದರಲ್ಲಿ ಚರ್ಚಿಸಿದ್ದಾರೆ. ದೈವಗಳನ್ನು ಅವರು ‘ದೈವಿಕ ಮೂಲಸೌಕರ್ಯ’ ಎಂಬ ರೂಪಕದಿಂದ ನೋಡುತ್ತಾರೆ. ಉದ್ಯಮ ಬಂದರೆ ದೈವ ಅಳಿಯುತ್ತದೆ ಎಂಬ ಸರಳ ಸೂತ್ರವನ್ನು ಈ ಬರವಣಿಗೆ ಮುರಿದಿದೆ. ಅದರ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ರೂಪಕದ ವಿಷಯದಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಮೂಲಸೌಕರ್ಯವೆಂಬುದು ಎಂಜಿನಿಯರನ ಪದ. ರಸ್ತೆ, ಕೊಳವೆ, ತಂತಿಗಳ ಸಾಲಿನದು. ದೈವವನ್ನು ಆ ಸಾಲಿಗೆ ಸೇರಿಸಿದರೆ, ಅದು ಕಾರ್ಖಾನೆ ಸುಗಮವಾಗಿ ನಡೆಯಲು ನೆರವಾಗುವ ಏರ್ಪಾಡಾಗಿ ಕಾಣುವ ಅಪಾಯವಿದೆ. ಡಾಲ್‌ನ ಗ್ರೆಮ್ಲಿನ್‌ಗಳಿಗೆ ಆದುದೂ ಅದೇ ಅಲ್ಲವೇ? ನೆಲ ಕಳೆದುಕೊಂಡವು ಯಂತ್ರದ ದುರಸ್ತಿಗೆ ನಿಂತವು. ತುಳುವರ ದೈವ ಸಭೆಯಲ್ಲಿ ಎದ್ದುನಿಂತು ಹಕ್ಕು ಕೇಳುವ ವಾದಿ. ಅಪಘಾತವಾದಾಗ ಪ್ರಶ್ನೆ ಇರಿಸಿ, ಜಾಗದ ದೈವಕ್ಕೆ ತಂಬಿಲ ಕೊಟ್ಟು ಕೆಲಸ ಮುಂದುವರಿಸುವುದನ್ನು ಕೇವಲ ಸುರಕ್ಷತೆಯ ಕ್ರಮವೆಂದು ಓದಿದರೆ ಆ ವಾದ ನಮಗೆ ಕೇಳಿಸುವುದೇ ಇಲ್ಲ.

ಇದನ್ನು ಹೇಳುವಾಗ ಎಚ್ಚರವೂ ಬೇಕು. ಯಂತ್ರ ಕೆಟ್ಟುದಕ್ಕೆ ದೈವವೇ ಕಾರಣವೆಂದು ಪ್ರತಿಪಾದಿಸುವುದು ಈ ಲೇಖನದ ಉದ್ದೇಶವಲ್ಲ. ಕೆಟ್ಟ ಕೊಳವೆಗೆ ಕಾರಣ ಕೊಳವೆಯಲ್ಲಿಯೇ ಇದೆ. ಆದರೆ ಕೊಳವೆ ಹಾದುಹೋದ ನೆಲ ಯಾರದಾಗಿತ್ತು ಎಂಬ ಪ್ರಶ್ನೆಗೆ ಉತ್ತರ ಕೊಳವೆಯಲ್ಲಿ ಸಿಗುವುದಿಲ್ಲ. ಆ ಎರಡನೆಯ ಪ್ರಶ್ನೆಯನ್ನು ಜೀವಂತವಾಗಿ ಇಟ್ಟುಕೊಂಡ ಭಾಷೆ ದೈವದ ಭಾಷೆ.

೭. ಸಮಾರೋಪ

ಈವರೆಗಿನ ಚರ್ಚೆಯಿಂದ ಒಂದು ಸಾಮಾನ್ಯ ಮಾತನ್ನು ಹೇಳಬಹುದು. ವಾಹನವು ನೆಲದಿಂದ ದೂರವಾದಷ್ಟೂ ಅದರಲ್ಲಿ ಅಡಗಿದ ಅಮಾನುಷ ಜೀವಿ ತನ್ನ ನೆಲೆಯನ್ನೂ ನುಡಿಯನ್ನೂ ಬಾಕಿಯನ್ನೂ ಕಳೆದುಕೊಳ್ಳುತ್ತ ಹೋಗುತ್ತದೆ. ಕ್ಲಾಬೌಟರ್‌ಮನ್ನಿಗೆ ಹಡಗಾದರೂ ಮನೆಯಾಗಿತ್ತು. ಗ್ರೆಮ್ಲಿನ್‌ಗೆ ಕಡಿದ ಕಾಡಿನ ನೆನಪಿತ್ತು. ಮಂಗಳದ ದಾರಿಯ ರಾಕ್ಷಸನಿಗೆ ಹೆಸರು ಮಾತ್ರ ಉಳಿಯಿತು. ಬೊಬ್ಬರ್ಯನದು ಇದಕ್ಕೆ ವಿರುದ್ಧವಾದ ಚಲನೆ; ಅವನು ಕಡಲಿನಿಂದ ದಡಕ್ಕೆ ಬಂದವನು. ಆದುದರಿಂದ ಯಂತ್ರಜಾನಪದವನ್ನು ಅಭ್ಯಾಸ ಮಾಡುವವರು ‘ಭೂತ’ ಎಂಬ ಒಂದೇ ಪದದ ಕೆಳಗೆ ಇವೆಲ್ಲವನ್ನೂ ಸೇರಿಸದೆ, ಪ್ರತಿಯೊಂದರ ವಿಷಯದಲ್ಲಿಯೂ ಆ ಮೂರು ಪ್ರಶ್ನೆಗಳನ್ನು ಕೇಳುವುದು ಯುಕ್ತ.

ಇದರೊಡನೆ ತುರ್ತಾಗಿ ಆಗಬೇಕಾದ ಕೆಲಸವೊಂದಿದೆ. 1962ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದು ಪಣಂಬೂರಿನ ನೆಲ ಬಿಟ್ಟವರು ಇಂದು ಎಂಬತ್ತನ್ನು ದಾಟಿದ್ದಾರೆ. ಯಾವ ದೈವ ಯಾವ ಕುಟುಂಬದೊಡನೆ ಯಾವ ಬ್ಲಾಕಿಗೆ ಬಂತು, ಯಾವುದು ಅಲ್ಲಿಯೇ ಉಳಿಯಿತು, ಉಳಿದುದಕ್ಕೆ ಯಾರು ದೀಪ ಇಡುತ್ತಿದ್ದಾರೆ, ಹೊಸ ನೆಲದ ಪಾಡ್ದನದಲ್ಲಿ ಹಳೆಯ ಊರಿನ ಹೆಸರು ಬರುತ್ತದೆಯೇ ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬರೆದಿಡಬೇಕು. ವ್ಯೋಮನೌಕೆಯ ರಾಕ್ಷಸನ ಕಥೆ ಎಲ್ಲಿಯೂ ಹೋಗುವುದಿಲ್ಲ, ಅದು ಅಚ್ಚಿನಲ್ಲಿದೆ. ಕಾಟಿಪಳ್ಳದ ಹಿರಿಯರ ನೆನಪು ಅಚ್ಚಿನಲ್ಲಿಲ್ಲ.